ಪಂಪ್‌ಸೆಟ್ಟಿನ ಭೂಸಂಪರ್ಕ: ಓಂ ಮಿತಿ ಏಕೆ ಬೇಕು?

ಅಡಿಕೆ ತೋಟಕ್ಕೆ ನೀರು ಬಿಡಲು ಹೋಗಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದಾಗ ಕೈ ‘ಜುಮ್’ ಎಂದದ್ದುಂಟೇ? ಹಳೇ ಮೋಟಾರು ಹಾಗೇ ಇರುತ್ತದೆ ಎಂದು ಸುಮ್ಮನಾಗಬೇಡಿ. ಅದು ಸಾವಿನ ಮುನ್ಸೂಚನೆ.

ಬಸವಾಪಟ್ಟಣದ ಸುತ್ತಿನವರಿಗೆ ಸೂಳೆಕೆರೆ ಹೊಸದಲ್ಲ. ಕೆರೆಗೆ ಕೋಡಿ ಏಕೆ ಬೇಕು? ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಹೋಗಲೆಂದು. ಕೋಡಿ ಕಿರಿದಾದರೆ ನೀರು ಏರಿಯ ಮೇಲೆ ಒತ್ತುತ್ತದೆ. ಮೋಟಾರಿಗೆ ಭೂಸಂಪರ್ಕವೇ ಕೋಡಿ. ಕರೆಂಟು ಮಣ್ಣಿಗಿಳಿಯಲು ಇರುವ ಅಡ್ಡಿಯನ್ನು ‘ಓಂ’ ಎಂಬ ಮಾನದಲ್ಲಿ ಅಳೆಯುತ್ತಾರೆ.

ಲೆಕ್ಕ ನೋಡಿ. ಮೋಟಾರಿನೊಳಗೆ ಸುರುಳಿ ಸುಟ್ಟು ಒಂದು ಫೇಸಿನ 230 ವೋಲ್ಟು ಕವಚಕ್ಕೆ ತಗುಲಿದೆ ಎನ್ನೋಣ. ಈ ಕರೆಂಟು ಮಣ್ಣಿನ ಮೂಲಕ ಟಿ.ಸಿ.ಗೆ ಮರಳಬೇಕು. ಪಂಪಿನ ಭೂಸಂಪರ್ಕ 18 ಓಂ, ಟಿ.ಸಿ.ಯದು 2 ಓಂ ಇದ್ದರೆ ಹರಿಯುವುದು ಸುಮಾರು 11.5 ಆಂಪಿಯರ್ ಮಾತ್ರ. 15 ಆಂಪಿಯರಿನ ಫ್ಯೂಸು ಹೋಗುವುದಿಲ್ಲ. ಕವಚದ ಮೇಲೆ ಸುಮಾರು 207 ವೋಲ್ಟು ನಿಂತೇ ಇರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದವರ ಗತಿ ಹೇಳಬೇಕಿಲ್ಲ. ಪಂಪಿನದೂ 2 ಓಂ ಆದರೆ 57 ಆಂಪಿಯರ್ ನುಗ್ಗಿ ಫ್ಯೂಸು ಬೇಗನೆ ಕರಗುತ್ತದೆ. ಮಿತಿಯ ಉದ್ದೇಶ ಇಷ್ಟೇ: ದೋಷ ಬಂದೊಡನೆ ವಿದ್ಯುತ್ ಕಡಿಯಬೇಕು. ಪಂಪ್‌ಸೆಟ್ಟಿಗೆ 5 ಓಂ ಮೀರದಂತೆ ನೋಡಿಕೊಳ್ಳುವುದು ರೂಢಿ. ಇನ್ನೂ ಕಡಿಮೆಯಾದಷ್ಟೂ ಕ್ಷೇಮ. ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ ಈ ರಕ್ಷಣೆಯೆಲ್ಲ ವ್ಯರ್ಥ.

ಮಣ್ಣಿನ ಗುಣವೂ ಮುಖ್ಯ. ನಾಲೆ ಬಯಲಿನ ತೇವದ ಎರೆಮಣ್ಣು ಕರೆಂಟನ್ನು ಸುಲಭವಾಗಿ ಒಯ್ಯುತ್ತದೆ. ಒಣ ಗರಸು, ಕಲ್ಲುನೆಲ ಒಯ್ಯುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದ ಭೂಸಂಪರ್ಕ ಏಪ್ರಿಲ್ ವೇಳೆಗೆ ಕೆಡಬಹುದು. ಆದ್ದರಿಂದ ಬೇಸಿಗೆಯಲ್ಲೇ ಅಳತೆ ಮಾಡಿಸಿ.

ಅನುಸರಿಸಬೇಕಾದ ಕ್ರಮಗಳು:

1. ಕನಿಷ್ಠ 38 ಮಿ.ಮೀ. ಒಳವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪು ಹೂಳಿ, ಸುತ್ತ ಇದ್ದಿಲು, ಉಪ್ಪನ್ನು ಪದರ ಪದರವಾಗಿ ತುಂಬಿ.

2. ಒಂದು ಪೈಪು ಸಾಲದಿದ್ದರೆ ಸುಮಾರು 5 ಮೀಟರ್ ದೂರದಲ್ಲಿ ಇನ್ನೊಂದು ಹೂಳಿ ಎರಡನ್ನೂ ಜೋಡಿಸಿ.

3. ಮೋಟಾರು, ಸ್ಟಾರ್ಟರ್, ಮೈನ್ ಸ್ವಿಚ್ಚಿನ ಕವಚಗಳಿಗೆ ತಂತಿ ಬಿಗಿಯಾಗಿರಲಿ. ತುಕ್ಕು ಹಿಡಿದ ಬೋಲ್ಟು ಬದಲಿಸಿ.

4. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ.

5. ಸೋರುವ ಕರೆಂಟಿಗೆ ತಾನೇ ಕಡಿಯುವ ಇ.ಎಲ್.ಸಿ.ಬಿ. ಹಾಕಿಸಿ. ಅದಿದೆಯೆಂದು ಭೂಸಂಪರ್ಕವನ್ನು ಮರೆಯಬೇಡಿ.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿ. ಬೆಳೆ ಹೋದರೆ ಮುಂದಿನ ಹಂಗಾಮಿದೆ. ಜೀವಕ್ಕೆ ಮರು ಹಂಗಾಮಿಲ್ಲ.