ಕುರಿಗಾರರ ಹೊಟ್ಟೆಯೊಳಗಿನ ನೀರುಗುಳ್ಳೆ: ಸ್ಕ್ಯಾನ್ ತೋರಿಸುವುದೆಷ್ಟು, ನೀವು ಹೇಳಬೇಕಾದ್ದೆಷ್ಟು?



ಸುಗ್ಗಿ ಮುಗಿದ ಮೇಲೆ ಧಾರವಾಡ, ನವಲಗುಂದ, ಕುಂದಗೋಳ ಕಡೆಯ ಎರೆ ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸುವುದು ನಮಗೇನೂ ಹೊಸದಲ್ಲ. ಹೊಲಕ್ಕೆ ಗೊಬ್ಬರ ಸಿಗ್ತದೆ, ಕುರಿಗೆ ಮೇವು ಸಿಗ್ತದೆ. ಹಿಂಡಿನ ಜೊತೆ ನಾಯಿ ಇರಲೇಬೇಕು, ರಾತ್ರಿ ಕಾವಲಿಗೆ ಅದೇ ಗತಿ. ಈ ಮೂವರ ನಂಟಿನ ನಡುವೆ ಒಂದು ಅಪರೂಪದ ಕಾಯಿಲೆ ಅಡಗಿರಬಹುದು. ಅದೇ ಹೈಡಾಟಿಡ್ ಕಾಯಿಲೆ. ಅಂದರೆ ಲಿವರ್ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಬೆಳೆಯುವುದು.

ಬರುವುದು ಹೇಗೆ?

ಇದಕ್ಕೆ ಕಾರಣ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳು. ಉದ್ದ 1 ಸೆಂಟಿಮೀಟರ್ ಕೂಡ ಇರುವುದಿಲ್ಲ. ಇದು ನಾಯಿಯ ಕರುಳಿನಲ್ಲಿ ವಾಸ ಮಾಡ್ತದೆ. ಇದರ ಮೊಟ್ಟೆ ನಾಯಿಯ ಹೇಲಿನ ಜೊತೆ ಹೊರಬಂದು ಹುಲ್ಲು, ನೀರು, ನಾಯಿಯ ಕೂದಲಿಗೆ ಅಂಟಿಕೊಳ್ತದೆ. ಕುರಿ, ಆಡು, ದನ ಆ ಹುಲ್ಲು ಮೇಯ್ದರೆ ಅವುಗಳ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆ ಏಳ್ತವೆ. ಕುರಿ ಕೊಯ್ದಾಗ ಗುಳ್ಳೆ ಇರುವ ಆ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಮತ್ತೆ ಶುರು.

ಮನುಷ್ಯರು ಈ ಚಕ್ರಕ್ಕೆ ಸಿಕ್ಕಿಬೀಳುವುದು ನಾಯಿ ಮುಟ್ಟಿದ ಕೈಯಲ್ಲೇ ಊಟ ಮಾಡಿದಾಗ, ಅಥವಾ ತೊಳೆಯದ ಸೊಪ್ಪು-ತರಕಾರಿ ತಿಂದಾಗ. ಬೇಯಿಸಿದ ಮಾಂಸದಿಂದ ಇದು ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹಾಗಾಗಿ ಕಾಯಿಲೆ ಬಂದವರನ್ನು ದೂರ ಇಡಬೇಕಾಗಿಲ್ಲ.

ವರ್ಷಗಟ್ಟಲೆ ಸುದ್ದಿಯೇ ಇಲ್ಲ

ಗುಳ್ಳೆ ನಿಧಾನಕ್ಕೆ ಬೆಳೆಯುವುದರಿಂದ ಹಲವು ವರ್ಷ ಏನೂ ಗೊತ್ತಾಗುವುದಿಲ್ಲ. ದೊಡ್ಡದಾದ ಮೇಲೆ ಬಲ ಪಕ್ಕೆಯ ಕೆಳಗೆ ಭಾರ, ನೋವು, ಓಕರಿಕೆ ಕಾಣಿಸಬಹುದು. ಶ್ವಾಸಕೋಶದಲ್ಲಿದ್ದರೆ ಕೆಮ್ಮು, ಎದೆನೋವು, ಕೆಲವೊಮ್ಮೆ ಕಫದಲ್ಲಿ ರಕ್ತ. "ಗ್ಯಾಸ್ ಆಗೇತಿ ಬಿಡ್ರಿ" ಅಂತ ಮಾತ್ರೆ ನುಂಗಿ ಸುಮ್ಮನಾಗುವವರೇ ಹೆಚ್ಚು. ಆದರೆ ಗುಳ್ಳೆ ಒಳಗೇ ಒಡೆದರೆ ಮೈಗೆ ಒಗ್ಗದೆ ಜೀವಕ್ಕೇ ಅಪಾಯ ಬರಬಹುದು.

ಚಿತ್ರದಲ್ಲಿ ಏನು ಕಾಣ್ತದೆ?

ಹೊಟ್ಟೆಗೆ ಮೊದಲು ಮಾಡುವುದು ಅಲ್ಟ್ರಾಸೌಂಡ್ ಸ್ಕ್ಯಾನ್. ಇದು ಶಬ್ದದ ಅಲೆಯಿಂದ ಚಿತ್ರ ತೆಗೆಯುವ ವಿಧಾನ, ವಿಕಿರಣದ ಭಯವಿಲ್ಲ. ಅದರಲ್ಲಿ ನೀರು ಕಪ್ಪಾಗಿ ಕಾಣ್ತದೆ. ಲಿವರ್‌ನಲ್ಲಿ ಸಾಮಾನ್ಯ ನೀರುಗುಳ್ಳೆಯೂ ಇರಬಹುದು, ಕೀವುಗಟ್ಟಿದ ಬಾವೂ ಇರಬಹುದು, ಗಡ್ಡೆಯೂ ಇರಬಹುದು. ಆದರೆ ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು ಜೇನುಗೂಡಿನ ಹಾಗೆ ಕೂತಿದ್ದರೆ ವೈದ್ಯರಿಗೆ ಹೈಡಾಟಿಡ್ ಎಂಬ ಸುಳಿವು ಸಿಗ್ತದೆ. ಒಳಪೊರೆ ಕಳಚಿ ನೀರಿನ ಮೇಲೆ ತಾವರೆ ಎಲೆಯಂತೆ ತೇಲುತ್ತಿದ್ದರೆ ಸುಳಿವು ಇನ್ನೂ ಗಟ್ಟಿ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2003ರಲ್ಲಿ ಇಂಥ ಚಿತ್ರಗಳನ್ನೇ ನೋಡಿ ಗುಳ್ಳೆಗಳನ್ನು 5 ಹಂತಗಳಾಗಿ ವಿಂಗಡಿಸಿತು. ಮೊದಲ ಎರಡು ಹಂತದಲ್ಲಿ ಹುಳು ಜೀವಂತ, ಮೂರನೆಯದು ನಡುವಿನ ಹಂತ, ಕೊನೆಯ ಎರಡರಲ್ಲಿ ಗುಳ್ಳೆ ಬತ್ತಿ ನಿಷ್ಕ್ರಿಯ. ಚಿಕಿತ್ಸೆ ನಿಂತಿರುವುದು ಇದರ ಮೇಲೆ. ಬತ್ತಿದ ಗುಳ್ಳೆಗೆ ಹಲವು ಸಲ ಆಪರೇಷನ್ನೂ ಬೇಡ, ಔಷಧಿಯೂ ಬೇಡ. ಆಗಾಗ ಸ್ಕ್ಯಾನ್ ಮಾಡಿಸಿ ನೋಡಿಕೊಂಡರೆ ಸಾಕು. ಉಳಿದವುಗಳಿಗೆ ಮಾತ್ರೆ, ಸ್ಕ್ಯಾನ್ ನೋಡುತ್ತಲೇ ಸೂಜಿಯಿಂದ ನೀರು ತೆಗೆಯುವ ವಿಧಾನ, ಇಲ್ಲವೇ ಆಪರೇಷನ್.

ಶ್ವಾಸಕೋಶಕ್ಕೆ ಎದೆಯ ಎಕ್ಸ್‌ರೇ ಮಾಡ್ತಾರೆ. ಗುಳ್ಳೆ ದುಂಡನೆಯ ಬಿಳಿ ನೆರಳಾಗಿ ಕಾಣ್ತದೆ. ಗುಳ್ಳೆ ಎಲ್ಲೆಲ್ಲಿದೆ, ಯಾವ ರಕ್ತನಾಳದ ಪಕ್ಕ ಇದೆ ಅಂತ ತಿಳಿಯಲು ಸಿಟಿ ಅಥವಾ ಎಂಆರ್‌ಐ ಬೇಕಾಗಬಹುದು. ಜೊತೆಗೆ ರಕ್ತ ಪರೀಕ್ಷೆಯೂ ಇದೆ. ಆದರೆ ರಕ್ತದಲ್ಲಿ ಏನೂ ಬರಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನಲಾಗದು.

ನೀವು ಹೇಳಬೇಕಾದ ಒಂದು ಮಾತು

ಸ್ಕ್ಯಾನ್ ಯಂತ್ರಕ್ಕೆ ಗುಳ್ಳೆ ಕಾಣ್ತದೆ, ನಿಮ್ಮ ಹಟ್ಟಿ ಕಾಣುವುದಿಲ್ಲ. "ಡಾಕ್ಟ್ರೇ, ನಮ್ಮದು ಕುರಿ ಸಾಕಾಣಿಕೆ, ನಾಯಿ ಅದಾವ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಈ ಮಾತಿಗೆ ಬಹಳ ಬೆಲೆ ಇದೆ. ಯಾಕಂದ್ರೆ ಕೀವಿನ ಬಾವು ಅಂತ ತಿಳಿದು ಸಿದ್ಧತೆ ಇಲ್ಲದೆ ಸೂಜಿ ಚುಚ್ಚಿದರೆ, ಗುಳ್ಳೆಯ ನೀರು ಹೊಟ್ಟೆಯೊಳಗೆ ಸೋರಿ ಅಪಾಯವಾಗಬಹುದು, ಹೊಸ ಗುಳ್ಳೆಗಳೂ ಹುಟ್ಟಬಹುದು.

ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರ್ತದೋ ಇಲ್ಲವೋ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಹಳೆಯ ಸ್ಕ್ಯಾನ್ ಚಿತ್ರ, ರಿಪೋರ್ಟ್ ಎಸೆಯಬೇಡಿ. ಗುಳ್ಳೆ ಬೆಳೆದಿದೆಯೋ ಬತ್ತಿದೆಯೋ ತಿಳಿಯಲು ಅವೇ ಆಧಾರ.

ಇನ್ನೊಂದು ಎಚ್ಚರಿಕೆ: ಈ ಕಾಯಿಲೆಗೆ ಕೊಡುವ ಅಲ್ಬೆಂಡಜೋಲ್, ಕುರಿಗೆ ಕುಡಿಸುವ ಜಂತುಹುಳು ಔಷಧಿಯ ಹೆಸರೇ. ಹಾಗಂತ ಕುರಿ ಔಷಧಿ ನೀವು ಕುಡಿಯಬೇಡಿ. ಮನುಷ್ಯರಿಗೆ ತಿಂಗಳುಗಟ್ಟಲೆ ಕೊಡುವಾಗ ರಕ್ತ, ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಹಟ್ಟಿಯಲ್ಲಿ ಮಾಡಬೇಕಾದ್ದು

• ಪಶು ವೈದ್ಯರನ್ನು ಕೇಳಿ, ನಾಯಿಯ ತೂಕಕ್ಕೆ ತಕ್ಕ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ವರ್ಷಕ್ಕೆ ಕನಿಷ್ಠ 4 ಸಲ ಕೊಡಿ. ಮಾತ್ರೆ ಕೊಟ್ಟ ಎರಡು-ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಹೇಲನ್ನು ಆಳವಾಗಿ ಹೂಳಿ.
• ಗುಳ್ಳೆ ಇರುವ ಲಿವರ್, ಶ್ವಾಸಕೋಶವನ್ನು ನಾಯಿಗೆ ಹಸಿಯಾಗಿ ಹಾಕಲೇಬೇಡಿ. ಸುಟ್ಟುಹಾಕಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ.
• ಸತ್ತ ಕುರಿಯನ್ನು ಹೊಲದ ಬದುವಿನಲ್ಲಿ ಬಿಸಾಡಬೇಡಿ.
• ನಾಯಿ ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳಿಗೂ ಇದೇ ರೂಢಿ ಮಾಡಿಸಿ.

ಕುರಿಗಳೇ ಜೀವನಾಧಾರವಾಗಿದ್ದ ಐಸ್‌ಲ್ಯಾಂಡ್ ದೇಶದಲ್ಲಿ ಒಂದು ಕಾಲಕ್ಕೆ ಈ ಕಾಯಿಲೆ ಬಹಳ ಇತ್ತು. 1860ರ ದಶಕದಲ್ಲಿ ಅಲ್ಲಿ ಮನೆಮನೆಗೆ ಪುಸ್ತಿಕೆ ಹಂಚಿ, ನಾಯಿಗೆ ಹಸಿ ಒಳಾಂಗ ಹಾಕಬೇಡಿ ಅಂತ ತಿಳಿಹೇಳಿದರು. ಆಗ ಸ್ಕ್ಯಾನ್ ಇರಲಿಲ್ಲ, ಎಕ್ಸ್‌ರೇ ಕಂಡುಹಿಡಿದದ್ದೇ 1895ರಲ್ಲಿ. ಆದರೂ ಕಾಲಕ್ರಮದಲ್ಲಿ ಕಾಯಿಲೆ ಅಲ್ಲಿಂದ ಕಾಲ್ಕಿತ್ತಿತು. ನಮ್ಮ ಹತ್ತಿರ ಈಗ ಎರಡೂ ಇವೆ. ಬಲ ಪಕ್ಕೆಯ ಭಾರ ತಿಂಗಳಾದರೂ ಇಳಿಯದಿದ್ದರೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಮುಂದಿನ ಸಲ ಕುರಿ ಕೊಯ್ಯುವಾಗ ಲಿವರ್ ಒಮ್ಮೆ ತಿರುವಿ ನೋಡಿ. ಗುಳ್ಳೆ ಕಂಡರೆ ಅದೇ ದಿನ ಪಶು ವೈದ್ಯರಿಗೆ ಫೋನ್ ಮಾಡಿ.