ನಾಲ್ವರು ಕೂತು ಕಲಿತ ವಿಜ್ಞಾನ

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಿಡ್ಲ್ ಸ್ಕೂಲುಗಳಿಗೆ ಸರ್ಕಾರ ಅಪರೂಪದ ಅನುಮತಿ ಕೊಟ್ಟಿತು: ವಿಜ್ಞಾನದ ಪಠ್ಯಪುಸ್ತಕ ಬದಿಗಿಟ್ಟು, ಮಕ್ಕಳ ಕೈಯಲ್ಲೇ ಪ್ರಯೋಗ ಮಾಡಿಸಿ ಕಲಿಸಬಹುದು. ಕೇಳಿದ್ದು ಎರಡು ಸಂಸ್ಥೆಗಳು. ಒಂದು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಇನ್ನೊಂದು ಕಿಶೋರ್ ಭಾರತಿ; ಅದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದಿದ್ದ ಅನಿಲ್ ಸದ್ಗೋಪಾಲ್ ಕಟ್ಟಿದ್ದು.

ಹಳ್ಳಿಯ ಶಾಲೆಗಳಲ್ಲಿ ಪ್ರಯೋಗಾಲಯ ಎಲ್ಲಿಂದ ಬರಬೇಕು? ಮಗುವಿಗೊಂದು ಕಿಟ್ ಕೊಡುವುದೂ ಆಗದ ಮಾತು. ನಾಲ್ಕು ಮಕ್ಕಳಿಗೆ ಒಂದು ಕಿಟ್ ಎಂದಾಯಿತು. ಆ ನಾಲ್ವರ ಗುಂಪಿಗೆ ಅಲ್ಲಿ ‘ಟೋಲಿ’ ಎನ್ನುತ್ತಿದ್ದರು. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಜೀವ ಇದ್ದದ್ದು ಈ ಟೋಲಿಯಲ್ಲೇ.

ಉದ್ದ ಅಳೆಯುವ ಪಾಠವನ್ನೇ ನೋಡಿ. ಒಂದೇ ಮೇಜನ್ನು ಎಲ್ಲ ಟೋಲಿಗಳೂ ಅಳೆಯಬೇಕು. ಒಬ್ಬ ಅಳತೆಪಟ್ಟಿ ಹಿಡಿಯುತ್ತಾನೆ, ಒಬ್ಬಳು ತುದಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಾಳೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ, ನಾಲ್ಕನೆಯವಳು ‘ಇನ್ನೊಂದ್ಸಲ ಅಳಿ’ ಅಂತಾಳೆ. ಫಲಿತಾಂಶವೆಲ್ಲ ಕರಿಹಲಗೆಯ ಕೋಷ್ಟಕಕ್ಕೆ ಬಂದಾಗ ಒಂದರಂತೆ ಒಂದಿರುವುದಿಲ್ಲ. ಯಾರದು ತಪ್ಪು? ಚರ್ಚೆ ಶುರುವಾಗುವುದೇ ಅಲ್ಲಿ. ಎಷ್ಟು ಎಚ್ಚರದಿಂದ ಅಳೆದರೂ ಚೂರು ಹೆಚ್ಚುಕಮ್ಮಿ ಆಗಿಯೇ ತೀರುತ್ತದೆ ಎಂಬುದು ಮಕ್ಕಳಿಗೆ ಕಣ್ಣಾರೆ ಗೊತ್ತಾಗುತ್ತದೆ. ಒಬ್ಬನೇ ಕೂತು ಅಳೆದವನಿಗೆ ಈ ತಿಳಿವಳಿಕೆ ಸುಲಭಕ್ಕೆ ದಕ್ಕುವುದಿಲ್ಲ. ‘ಬಾಲ್ ವೈಜ್ಞಾನಿಕ್’ ಎಂಬ ಅವರ ಕೆಲಸದ ಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ; ಉತ್ತರವನ್ನು ತರಗತಿಯೇ ಕಂಡುಕೊಳ್ಳಬೇಕಿತ್ತು.

ಮೇಷ್ಟ್ರುಗಳಿಗೆ ಇದೇನೂ ಸಲೀಸಾಗಿರಲಿಲ್ಲ. ಅದಕ್ಕೇ ಬೇಸಿಗೆಯ ತರಬೇತಿ ಶಿಬಿರಗಳಲ್ಲಿ ಅವರೂ ಟೋಲಿ ಕಟ್ಟಿಕೊಂಡು, ಅವೇ ಪ್ರಯೋಗಗಳನ್ನು ಮಾಡಿ ಮಕ್ಕಳಂತೆಯೇ ವಾದಿಸಬೇಕಿತ್ತು. ಜೊತೆಗೆ ಕೂರುತ್ತಿದ್ದವರು ದೆಹಲಿ ವಿಶ್ವವಿದ್ಯಾಲಯ ಮುಂತಾದ ಕಡೆಯಿಂದ ಬಂದ ವಿಜ್ಞಾನಿಗಳು. ಪರೀಕ್ಷೆಯನ್ನೂ ಬದಲಿಸಿದರು: ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು, ಜೊತೆಗೆ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ಪರೀಕ್ಷೆ ಹಳೆಯದೇ ಆಗಿದ್ದರೆ ಟೋಲಿ ವರ್ಷ ತುಂಬುವ ಮೊದಲೇ ಚದುರಿಹೋಗುತ್ತಿತ್ತು.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಬೇರೆ ಜಿಲ್ಲೆಗಳಿಗೂ ಒಯ್ದಿತು. ಸೈಕಲ್ ವಾಲ್ವ್‌ಟ್ಯೂಬಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕಾರಗಳನ್ನು ಕಟ್ಟುವ ಅರವಿಂದ ಗುಪ್ತಾ ಅವರ ಆಟಿಕೆ ಮೂಡಿದ್ದೂ ಈ ಕಾರ್ಯಕ್ರಮದ ಒಡನಾಟದಲ್ಲೇ.

2002ರಲ್ಲಿ ರಾಜ್ಯ ಸರ್ಕಾರ ಇದನ್ನು ನಿಲ್ಲಿಸಿತು. ಮೂವತ್ತು ವರ್ಷ ಸರ್ಕಾರಿ ಶಾಲೆಗಳ ಒಳಗೇ ನಡೆದು ಬಂದದ್ದನ್ನು ಹಾಗೆ ಕೈಬಿಟ್ಟದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.