ಒಂದು ಕಣ್ಣು ಮುಚ್ಚಿದರೆ ಮಾತ್ರ ನಡೆಯುವ ಕಣ್ಕಟ್ಟು

ಚೆನ್ನೈ ನಗರದ ಪೋರೂರಿನವರಿಗೆ ಕೆರೆ ಹತ್ತಿರ, ಕಡಲು ದೂರ. ಮೌಂಟ್-ಪೂನಮಲ್ಲಿ ರಸ್ತೆಯಲ್ಲಿ ಹೊರಟು ಗಿಂಡಿ, ಅಡಯಾರು, ತಿರುವಾನ್ಮಿಯೂರು ದಾಟಿ ಪೂರ್ವ ಕರಾವಳಿ ರಸ್ತೆಯ ಇಂಜಂಬಾಕ್ಕಂ ಸೇರಬೇಕು. ಅಲ್ಲಿನ ವಿಜಿಪಿ ಮನರಂಜನಾ ಉದ್ಯಾನದ ಆವರಣದಲ್ಲಿ ಚಿತ್ರಕಲಾವಿದ ಎ.ಪಿ. ಶ್ರೀಧರ್ 2016ರಲ್ಲಿ ‘ಕ್ಲಿಕ್ ಆರ್ಟ್ ಮ್ಯೂಸಿಯಂ’ ತೆರೆದರು. ಭಾರತದ ಮೊದಲ ಟ್ರಿಕ್ ಆರ್ಟ್ ಮ್ಯೂಸಿಯಂ ಎಂದು ಅದು ಹೆಸರಾಯಿತು. ಗೋಡೆಯಿಂದ ನೆಲದವರೆಗೆ ಇಳಿದು ಬರುವ ಚಿತ್ರಗಳು, ಚಿತ್ರದೊಳಗೆ ಹೊಕ್ಕಂತೆ ನಿಲ್ಲುವ ಜನ, ಎದುರಿಗೊಂದು ಮೊಬೈಲು. ಮನೆಗೆ ಹೋಗಿ ಫೋಟೋ ತೋರಿಸಿದರೆ ಗೋಡೆ ಮಾಯ. ಕಾಣುವುದು ಪಾತಾಳವೋ ಜಲಪಾತವೋ. ಇಂಥ ಜಾಗಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಪಾಠ ಹೇಳುತ್ತಾರೆ: ಕಣ್ಣನ್ನು ನಂಬಬೇಡಿ, ಅದು ಸುಲಭವಾಗಿ ಮೋಸ ಹೋಗುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಕಣ್ಣನ್ನು ಮೋಸಗೊಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇಂಥ ಮ್ಯೂಸಿಯಂಗಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗುವುದಿಲ್ಲ.

ಅಲ್ಲಿ ಏನು ನಡೆಯುತ್ತದೆ ಎಂಬುದನ್ನೇ ಗಮನಿಸಿ. ಈ ಬಗೆಯ ಚಿತ್ರ ನೇರವಾಗಿ ಕಾಣುವುದು ಒಂದೇ ಒಂದು ಬಿಂದುವಿನಿಂದ. ಆ ಬಿಂದುವಿನಲ್ಲಿ ಕ್ಯಾಮೆರಾ ಇಟ್ಟರೆ ನೆಲದ ಮೇಲೆ ಎಳೆದು ಹಿಗ್ಗಿಸಿದ ಗೆರೆಗಳೂ ಗೋಡೆಯ ಮೇಲಿನ ಗೆರೆಗಳೂ ಒಂದಾಗಿ ಕೂಡಿಕೊಳ್ಳುತ್ತವೆ. ಎರಡು ಹೆಜ್ಜೆ ಬದಿಗೆ ಸರಿದರೆ ಚಿತ್ರದಲ್ಲಿನ ಸೇತುವೆ ಸೊಟ್ಟಗಾಗುತ್ತದೆ, ಹುಲಿಯ ಮುಂಗಾಲು ಗಜಗಟ್ಟಲೆ ಉದ್ದವಾಗುತ್ತದೆ. ಇನ್ನು ಸರಿಯಾದ ಜಾಗದಲ್ಲೇ ನಿಂತು ಎರಡೂ ಕಣ್ಣು ಬಿಟ್ಟು ನೋಡಿದರೂ, ‘ಚೆನ್ನಾಗಿ ಬರೆದಿದ್ದಾರೆ’ ಅನ್ನಿಸುತ್ತದೆಯೇ ಹೊರತು ಯಾರೂ ಪಾತಾಳಕ್ಕೆ ಹೆದರಿ ಹಿಂದೆ ಸರಿಯುವುದಿಲ್ಲ. ಭ್ರಮೆ ಪೂರ್ತಿಯಾಗುವುದು ಫೋಟೋದಲ್ಲಿ. ಏಕೆಂದರೆ ಕ್ಯಾಮೆರಾಕ್ಕೆ ಒಂದೇ ಕಣ್ಣು, ಮತ್ತು ಕ್ಲಿಕ್ಕಿಸುವ ಕ್ಷಣದಲ್ಲಿ ಅದು ಅಲುಗಾಡುವುದಿಲ್ಲ.

ಎರಡನೆಯ ಕಣ್ಣು ಮಾಡುವ ಕೆಲಸವನ್ನು ಲೆಕ್ಕ ಹಾಕಿ ನೋಡಬಹುದು. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸರಾಸರಿ 6.3 ಸೆಂಟಿಮೀಟರ್. ಹಾಗಾಗಿ ಎಡಗಣ್ಣಿಗೆ ಬೀಳುವ ಬಿಂಬಕ್ಕೂ ಬಲಗಣ್ಣಿಗೆ ಬೀಳುವ ಬಿಂಬಕ್ಕೂ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಈ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಅಳೆಯುತ್ತದೆ. ಒಳ್ಳೆಯ ದೃಷ್ಟಿ ಇರುವವರು ಒಂದು ಡಿಗ್ರಿಯ ಸುಮಾರು 180ನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲರು. ಇದನ್ನು ದೂರಕ್ಕೆ ಬದಲಾಯಿಸಿದರೆ, ಎರಡು ಮೀಟರ್ ಆಚೆಗಿರುವ ವಸ್ತುವಿನಲ್ಲಿ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಉಬ್ಬುತಗ್ಗು ಗೊತ್ತಾಗುತ್ತದೆ. ಅಷ್ಟು ಹತ್ತಿರದ ಗೋಡೆಯ ಮೇಲೆ ಹತ್ತು ಮೀಟರ್ ಆಳದ ಬಾವಿಯನ್ನು ಎಂಥ ಕಲಾವಿದ ಬರೆದರೂ ಎರಡು ಕಣ್ಣುಗಳು ಸೇರಿ ‘ಇದು ಚಪ್ಪಟೆ’ ಎಂದು ತೀರ್ಪು ಕೊಟ್ಟುಬಿಡುತ್ತವೆ. ಒಂದು ಕಣ್ಣು ಮುಚ್ಚಿಕೊಂಡು ತಲೆಯನ್ನು ಆರೇಳು ಸೆಂಟಿಮೀಟರ್ ಆಚೀಚೆ ಆಡಿಸಿದರೂ ಹೆಚ್ಚುಕಡಿಮೆ ಅದೇ ಮಾಹಿತಿ ಸಿಗುತ್ತದೆ. ಅಂದರೆ ಭ್ರಮೆ ಉಳಿಯಬೇಕಾದರೆ ಕಣ್ಣು ಒಂದೇ ಇರಬೇಕು, ತಲೆಯೂ ಅಲುಗಬಾರದು. ವಿಜಿಪಿಯ ಬಾಗಿಲಲ್ಲೇ ಹಿಂದಿನಿಂದ ಹೆಸರಾದ ಇನ್ನೊಂದು ಆಕರ್ಷಣೆ ಇದೆ: ಬೊಂಬೆಯಂತೆ ಗಂಟೆಗಟ್ಟಲೆ ಅಲುಗದೆ ನಿಲ್ಲುವ ‘ಸಿಲೈ ಮನಿದನ್’. ಅಲ್ಲಿ ನೋಡಿಸಿಕೊಳ್ಳುವವನು ಅಲುಗುವಂತಿಲ್ಲ, ಇಲ್ಲಿ ನೋಡುವವನು.

ಇಂಥ ಮ್ಯೂಸಿಯಂಗಳಲ್ಲೆಲ್ಲ ಹೆಸರುವಾಸಿಯಾದ ಏಮ್ಸ್ ಕೋಣೆಯೂ ಇದೇ ಕರಾರಿನ ಮೇಲೆ ನಡೆಯುತ್ತದೆ. ವಕೀಲಿ ಓದಿ, ಚಿತ್ರಕಲೆಗೆ ಹೊರಳಿ, ಅಲ್ಲಿಂದ ದೃಷ್ಟಿವಿಜ್ಞಾನಕ್ಕೆ ಬಂದ ಅಮೆರಿಕದ ಅಡೆಲ್ಬರ್ಟ್ ಏಮ್ಸ್ 1940ರ ದಶಕದಲ್ಲಿ ಪ್ರಸಿದ್ಧಿಗೆ ತಂದ ಕೋಣೆ ಇದು. ಹಿಂದಿನ ಗೋಡೆ ಓರೆಯಾಗಿರುತ್ತದೆ, ನೆಲ ಮತ್ತು ಸೂರು ಇಳಿಜಾರಾಗಿರುತ್ತವೆ. ಆದರೆ ಇಣುಕುಕಿಂಡಿಯಿಂದ ನೋಡಿದವರಿಗೆ ಅದು ಮಾಮೂಲಿ ಚೌಕ ಕೋಣೆಯಂತೆ ಕಾಣುವ ಹಾಗೆ ಎಲ್ಲ ಕೋನಗಳನ್ನೂ ಹೊಂದಿಸಲಾಗಿರುತ್ತದೆ. 165 ಸೆಂಟಿಮೀಟರ್ ಎತ್ತರದ ಇಬ್ಬರು ಅಕ್ಕತಂಗಿಯರನ್ನು ಒಳಗೆ ನಿಲ್ಲಿಸಿ. ಒಬ್ಬಳು ಕಿಂಡಿಯಿಂದ 3 ಮೀಟರ್ ದೂರದ ಮೂಲೆಯಲ್ಲಿ, ಇನ್ನೊಬ್ಬಳು 6 ಮೀಟರ್ ದೂರದ ಮೂಲೆಯಲ್ಲಿ. ಮೊದಲನೆಯವಳು ಕಣ್ಣಿನಲ್ಲಿ ಸುಮಾರು 29 ಡಿಗ್ರಿ ಕೋನ ತುಂಬಿದರೆ ಎರಡನೆಯವಳು ಬರೀ 15 ಡಿಗ್ರಿ. ಇಬ್ಬರೂ ಒಂದೇ ದೂರದಲ್ಲಿದ್ದಾರೆ ಎಂದು ಕೋಣೆ ಸುಳ್ಳು ಹೇಳುವುದರಿಂದ ಒಬ್ಬಳು ದೈತ್ಯೆ, ಇನ್ನೊಬ್ಬಳು ಕುಳ್ಳಿ. ಈ ಉಪಾಯದ ಗುಟ್ಟಿರುವುದು ಓರೆ ಗೋಡೆಯಲ್ಲಿ ಅಲ್ಲ, ಇಣುಕುಕಿಂಡಿಯಲ್ಲಿ. ಕಿಂಡಿ ಒಂದು ಕಣ್ಣನ್ನು ಹೊರಗಿಡುತ್ತದೆ, ಉಳಿದ ಕಣ್ಣನ್ನು ಒಂದೇ ಬಿಂದುವಿಗೆ ಬಂಧಿಸುತ್ತದೆ. ಕಿಂಡಿ ತೆಗೆದು ಬಾಗಿಲನ್ನೇ ತೆರೆದಿಟ್ಟರೆ ಒಳಗೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಬಣ್ಣ ಬಯಲಾಗುತ್ತದೆ.

ಹಾಗಾದರೆ ಎರಡೂ ಕಣ್ಣು ಬಿಟ್ಟು ನೋಡಿದವರನ್ನೂ ನಂಬಿಸಿದ ಚಿತ್ರಗಳೇ ಇಲ್ಲವೇ? ಇವೆ. ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿಗೆ ಗುಮ್ಮಟ ಕಟ್ಟಿರಲಿಲ್ಲ. 1685ರ ಸುಮಾರಿಗೆ ಆಂಡ್ರಿಯಾ ಪೋಜೊ ಎಂಬ ಜೆಸ್ಯೂಟ್ ಕಲಾವಿದ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಆ ಜಾಗ ಮುಚ್ಚಿದ. ಕೆಳಗಿನಿಂದ ನೋಡಿದವರಿಗೆ ಅದು ಇಂದಿಗೂ ಟೊಳ್ಳು ಗುಮ್ಮಟವೇ. ಇದು ಸಾಧ್ಯವಾದದ್ದು ಎತ್ತರದಿಂದ. ಮೇಲೆ ಹೇಳಿದ ಅದೇ ಲೆಕ್ಕವನ್ನು 30 ಮೀಟರ್ ದೂರಕ್ಕೆ ಮಾಡಿದರೆ, ಸುಮಾರು 1.4 ಮೀಟರಿಗಿಂತ ಕಡಿಮೆ ಆಳವ್ಯತ್ಯಾಸ ಎರಡು ಕಣ್ಣಿಗೂ ತಿಳಿಯದು. ದೂರ ಹದಿನೈದು ಪಟ್ಟಾದರೆ ಅಳತೆಯ ಚುರುಕು ಇನ್ನೂರಕ್ಕೂ ಹೆಚ್ಚು ಪಟ್ಟು ಇಳಿಯುತ್ತದೆ. ಅಲ್ಲಿಯೂ ಕಲಾವಿದ ನೆಲದ ಮೇಲೆ ಅಮೃತಶಿಲೆಯ ಬಿಲ್ಲೆ ಕೂರಿಸಿ ನಿಲ್ಲಬೇಕಾದ ಜಾಗ ಗುರುತಿಸಬೇಕಾಯಿತು. ಅದನ್ನು ಬಿಟ್ಟು ದೂರ ಹೋದಂತೆ ಗುಮ್ಮಟ ಒಂದು ಕಡೆಗೆ ವಾಲುತ್ತದೆ.

ಒಂದೇ ಕಡೆಯಿಂದ ನೋಡಿದರೆ ಮಾತ್ರ ಉಳಿಯುವ ಭ್ರಮೆಗೆ ಕಲ್ಲಿನ ಉದಾಹರಣೆಯೂ ಇದೆ, ಅದಕ್ಕೆ ರೋಮ್ ತನಕ ಹೋಗಬೇಕಿಲ್ಲ. ಇಂಜಂಬಾಕ್ಕಂನಿಂದ ಅದೇ ಕರಾವಳಿ ರಸ್ತೆಯಲ್ಲಿ ಮುಂದೆ ಹೋದರೆ ಮಾಮಲ್ಲಪುರ. ಅಲ್ಲಿನ ‘ಕೃಷ್ಣನ ಬೆಣ್ಣೆಮುದ್ದೆ’ ಸುಮಾರು 6 ಮೀಟರ್ ಎತ್ತರದ, 250 ಟನ್ ತೂಕವೆಂದು ಅಂದಾಜಿಸಿರುವ ಬಂಡೆ. ಇಳಿಜಾರಿನ ಮೇಲೆ ಇನ್ನೇನು ಉರುಳಿತು ಎನ್ನುವಂತೆ ಕೂತಿದೆ. 1908ರಲ್ಲಿ ಮದರಾಸಿನ ಗವರ್ನರ್ ಆರ್ಥರ್ ಲಾಲಿ ಏಳು ಆನೆಗಳನ್ನು ಕಟ್ಟಿ ಎಳೆಸಿದರೂ ಅದು ಜಗ್ಗಲಿಲ್ಲ ಎಂಬ ಕಥೆಯನ್ನು ಗೈಡುಗಳು ಇಂದಿಗೂ ಹೇಳುತ್ತಾರೆ. ಮುಂದಿನಿಂದ ನೋಡಿದರೆ ಅದು ದುಂಡು ಚೆಂಡು. ಹಿಂಬದಿಗೆ ನಡೆದು ನೋಡಿ: ಬಂಡೆಯ ಆ ಪಾಲು ಒಡೆದುಹೋಗಿದೆ, ಅದು ಚೆಂಡೇ ಅಲ್ಲ. ಬುಡವೂ ಚೂಪಾಗಿಲ್ಲ, ಒಂದು ಮೀಟರಿಗೂ ಮಿಕ್ಕ ಅಗಲಕ್ಕೆ ನೆಲದ ಬಂಡೆಗೆ ಒತ್ತಿಕೊಂಡಿದೆ. ಕೆಳಗೆ ನಿಂತು ಅಂಗೈ ಚಾಚಿ ಬಂಡೆ ತಡೆದಂತೆ ಫೋಟೋ ತೆಗೆಸಿಕೊಳ್ಳುವ ಜನ ಹಿಂಬದಿಗೆ ಹೋಗುವುದೇ ಅಪರೂಪ. ಸುತ್ತು ಹಾಕಿದವರಿಗೆ ಪವಾಡ ಅರ್ಧಕ್ಕರ್ಧ ಕರಗುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಏಪ್ರಿಲ್ ಮಧ್ಯಾಹ್ನ ಪೋರೂರು ಟೋಲ್ ಕಡೆಯ ಬೈಪಾಸಿನಲ್ಲಿ ಟಾರಿನ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಅದಕ್ಕೆ ಎರಡು ಕಣ್ಣು ಇದ್ದರೇನು ಪ್ರಯೋಜನ ಎನ್ನಬಹುದು. ಅದು ಕಣ್ಣಿನ ತಪ್ಪೇ ಅಲ್ಲ. ಕಾದ ಗಾಳಿಯಲ್ಲಿ ಬೆಳಕು ನಿಜವಾಗಿಯೇ ಬಾಗಿ ಆಕಾಶದ ತುಣುಕೊಂದನ್ನು ರಸ್ತೆಗೆ ತರುತ್ತದೆ. ಕ್ಯಾಮೆರಾದಲ್ಲೂ ಅದು ಹಾಗೆಯೇ ಮೂಡುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಕತ್ತಲ ಗೋಡೆಯ ಮೇಲೆ ಸಣ್ಣ ಕಿಂಡಿಯಿಂದ ಬೀಳುವ ಗೋಪುರದ ತಲೆಕೆಳಗಾದ ಬಿಂಬವೂ ಹೀಗೆಯೇ ಅಪ್ಪಟ ಭೌತವಿಜ್ಞಾನ. ಹುಣ್ಣಿಮೆಯ ಸಂಜೆ ಪೋರೂರು ಕೆರೆಯಾಚೆ ಹುಟ್ಟುವ ಚಂದ್ರನದು ಬೇರೆ ಕಥೆ. ಹುಟ್ಟುವಾಗ ತಟ್ಟೆಯಷ್ಟು, ನೆತ್ತಿಗೆ ಬಂದಾಗ ಬಿಲ್ಲೆಯಷ್ಟು. ಕ್ಯಾಮೆರಾದಲ್ಲಿ ಎರಡೂ ಒಂದೇ ಗಾತ್ರ, ಅರ್ಧ ಡಿಗ್ರಿ. ಸರಿಯಾಗಿ ಅಳೆದರೆ ದಿಗಂತದ ಚಂದ್ರನೇ ಒಂದೂವರೆ ಶೇಕಡಾದಷ್ಟು ಚಿಕ್ಕವನು, ಏಕೆಂದರೆ ನೆತ್ತಿಯ ಮೇಲಿದ್ದಾಗಿಗಿಂತ ಆಗ ಅವನು ನಮಗೆ ಹೆಚ್ಚುಕಡಿಮೆ ಭೂಮಿಯ ತ್ರಿಜ್ಯದಷ್ಟು ಹೆಚ್ಚು ದೂರ. ಈ ಭ್ರಮೆಗೆ ಎಲ್ಲರೂ ಒಪ್ಪಿದ ವಿವರಣೆ ಇನ್ನೂ ಇಲ್ಲ. ಆದರೆ 3,84,000 ಕಿಲೋಮೀಟರ್ ದೂರದ ವಸ್ತುವಿನ ಮುಂದೆ 6.3 ಸೆಂಟಿಮೀಟರ್ ಏನೇನೂ ಅಲ್ಲ, ಎಷ್ಟು ನಡೆದರೂ ಚಂದ್ರನ ಬದಿ ಕಾಣುವುದಿಲ್ಲ. ಸಾಕ್ಷ್ಯವೇ ಸಿಗದ ಕಡೆ ಕಣ್ಣು ಊಹೆಗೆ ಇಳಿಯುತ್ತದೆ. ಇದು ನನ್ನ ವಾದವನ್ನು ಕೆಡಿಸುವುದಿಲ್ಲ.

ನಿಜವಾಗಿ ಕಾಡುವ ಆಕ್ಷೇಪ 1889ರ ಮ್ಯೂಲರ್-ಲೈಯರ್ ಗೆರೆಗಳದು. ಸಮಾನ ಉದ್ದದ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ರೆಕ್ಕೆ ಒಳಮುಖ, ಇನ್ನೊಂದರಲ್ಲಿ ಹೊರಮುಖ. ಎರಡೂ ಕಣ್ಣು ಬಿಡಿ, ತಲೆ ಆಡಿಸಿ, ಅಡಿಪಟ್ಟಿ ಇಟ್ಟು ಅಳೆಯಿರಿ. ಅಡಿಪಟ್ಟಿ ತೆಗೆದ ಮರುಕ್ಷಣ ಹೊರಮುಖದ್ದೇ ಉದ್ದ. ಕೋಣೆಯ ಮೂಲೆಗಳನ್ನು ನೋಡಿ ನೋಡಿ ಬಂದ ಅಭ್ಯಾಸವಿದು ಎಂದು ಕೆಲವರು ವಾದಿಸಿದ್ದರು. ಎಲ್ಲ ಸಮಾಜಗಳ ಜನರೂ ಒಂದೇ ಪ್ರಮಾಣದಲ್ಲಿ ಮೋಸಹೋಗುವುದಿಲ್ಲ ಎಂಬ 1966ರ ಅಧ್ಯಯನ ಅದಕ್ಕೆ ಬಲ ಕೊಟ್ಟಿತ್ತು. ಭಾರತದಲ್ಲಿ ದೃಷ್ಟಿವಿಜ್ಞಾನಿ ಪವನ್ ಸಿನ್ಹಾ ನಡೆಸುವ ಪ್ರಾಜೆಕ್ಟ್ ಪ್ರಕಾಶ್ ಈ ವಾದವನ್ನು ಅಲುಗಾಡಿಸಿತು. ಹುಟ್ಟಿನಿಂದ ಪೊರೆ ಬಂದು ಕಾಣದಿದ್ದ ಮಕ್ಕಳು, ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಬಂದ ಕೂಡಲೇ ಈ ಗೆರೆಗಳಿಗೆ ನಮ್ಮಂತೆಯೇ ಮೋಸಹೋದರು ಎಂದು 2015ರಲ್ಲಿ ಪ್ರಕಟವಾದ ಅವರ ವರದಿ ಹೇಳಿತು. ನೋಡಿ ಕಲಿಯಲು ಅವರಿಗೆ ಸಮಯವೇ ಇರಲಿಲ್ಲ. ಹಾಗಾಗಿ ಇಲ್ಲಿ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ: ಕಾಗದದ ಮೇಲಿನ ಗೆರೆಗಳ ಉದ್ದವನ್ನು ಹೋಲಿಸುವುದರಲ್ಲಿ ಕಣ್ಣು ನಿಜಕ್ಕೂ ಎಡವುತ್ತದೆ, ಹೆಚ್ಚಿನ ಸಾಕ್ಷ್ಯವೂ ಅದನ್ನು ತಿದ್ದುವುದಿಲ್ಲ. ಆದರೆ ಕೈಗೆಟಕುವಷ್ಟು ಹತ್ತಿರದ ಗಟ್ಟಿ ವಸ್ತು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬ ವಿಷಯದಲ್ಲಿ ಅದು ಹಾಗೆ ಎಡವುವುದು ಅಪರೂಪ. ಕಡಲತೀರದ ಮ್ಯೂಸಿಯಂ ಮಾರುವುದು ಈ ಎರಡನೆಯ ಬಗೆಯ ಭ್ರಮೆಯನ್ನು, ಅದಕ್ಕೇ ಅಲ್ಲಿ ಕ್ಯಾಮೆರಾ ಇಲ್ಲದೆ ವ್ಯಾಪಾರ ನಡೆಯುವುದಿಲ್ಲ.

ಮುಂದೆ ಇಂಥ ಕಡೆ ಮಕ್ಕಳನ್ನು ಕರೆದೊಯ್ದಾಗ ಫೋಟೋ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡಿಸಿ. ಗುರುತು ಮಾಡಿದ ಜಾಗದಲ್ಲಿ ನಿಲ್ಲಿಸಿ, ತಲೆ ಅಲುಗಿಸದೆ ಒಂದು ಕಣ್ಣು ಮುಚ್ಚಿ ಚಿತ್ರ ನೋಡಲು ಹೇಳಿ. ಆಮೇಲೆ ಎರಡನ್ನೂ ತೆರೆಸಿ. ಚಿತ್ರ ಚಪ್ಪಟೆಯಾಯಿತು ಎಂದು ಬಹಳ ಮಕ್ಕಳು ತಾವಾಗಿ ಹೇಳುತ್ತಾರೆ. ಯಾವ ವ್ಯತ್ಯಾಸವೂ ಕಾಣದ ಮಗುವಿಗೆ ಎರಡು ಕಣ್ಣುಗಳು ಕೂಡಿ ಕೆಲಸ ಮಾಡದ ಮೆಳ್ಳೆಗಣ್ಣೋ ಸೋಮಾರಿಗಣ್ಣೋ ಇರಬಹುದು, ಇಲ್ಲದೆಯೂ ಇರಬಹುದು. ಗೋಡೆಯ ಚಿತ್ರ ವೈದ್ಯಕೀಯ ಪರೀಕ್ಷೆಯಲ್ಲ. ಅನುಮಾನ ಬಂದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಸೋಮಾರಿಗಣ್ಣಿಗೆ ಚಿಕಿತ್ಸೆ ಚೆನ್ನಾಗಿ ಫಲಿಸುವುದು ಚಿಕ್ಕ ವಯಸ್ಸಿನಲ್ಲೇ.